ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ: ಊಟ, ನಡಿಗೆ ಮತ್ತು ಜೀವನಪರ್ಯಂತದ ಪಥ್ಯ

ಅತಿಯಾದ ಬೊಜ್ಜಿನಿಂದ ಬಳಲುವವರಿಗೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಇಂದು ಅಪರೂಪದ್ದೇನೂ ಅಲ್ಲ. ನಮ್ಮ ರಾಜ್ಯದ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತಿದೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಲ್ಯಾಪರೊಸ್ಕೋಪ್ ಉಪಕರಣದ ನೆರವಿನಿಂದ ಮಾಡುವ ಈ ಶಸ್ತ್ರಕ್ರಿಯೆ ಸಾಮಾನ್ಯವಾಗಿ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ತೊಂದರೆಗಳಿಲ್ಲದಿದ್ದರೆ ರೋಗಿ ಕೆಲವೇ ದಿನಗಳಲ್ಲಿ ಮನೆ ಸೇರುತ್ತಾನೆ. ಚಿಕಿತ್ಸೆಯ ದೀರ್ಘವಾದ ಭಾಗ ಆರಂಭವಾಗುವುದೇ ಆಗ. ಇಳಿದ ತೂಕ ಇಳಿದೇ ಉಳಿಯುವುದೇ, ದೇಹಕ್ಕೆ ಪೋಷಣೆ ಸಿಗುವುದೇ ಎಂಬುದನ್ನು ನಿರ್ಧರಿಸುವುದು ನಿತ್ಯದ ಊಟದ ತಟ್ಟೆ, ನಡಿಗೆ ಹಾಗೂ ತಪ್ಪದೆ ನುಂಗುವ ಮಾತ್ರೆಗಳು.

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳುವುದು ಒಳಿತು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ದೇಹದ ಆಕಾರವನ್ನು ತಿದ್ದುವ ಸೌಂದರ್ಯ ಚಿಕಿತ್ಸೆ. ಅದಕ್ಕೂ ಬೊಜ್ಜಿನ ಶಸ್ತ್ರಚಿಕಿತ್ಸೆಗೂ ಸಂಬಂಧವಿಲ್ಲ. ಈ ಲೇಖನದಲ್ಲಿ ವಿವರಿಸುತ್ತಿರುವುದು ಜಠರ ಹಾಗೂ ಕರುಳಿನ ಮೇಲೆ ನಡೆಯುವ, ಬೇರಿಯಾಟ್ರಿಕ್ ಎಂದು ಕರೆಯಲಾಗುವ ಶಸ್ತ್ರಚಿಕಿತ್ಸೆಯ ನಂತರದ ಜೀವನಕ್ರಮವನ್ನು.

ಹೊಟ್ಟೆಯೊಳಗೆ ಆಗುವ ಬದಲಾವಣೆ

ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವವು ಎರಡು ಬಗೆಯ ಶಸ್ತ್ರಕ್ರಿಯೆಗಳು. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯಲಾಗುತ್ತದೆ. ಬಾಳೆಕಾಯಿಯಂತಹ ಕಿರಿದಾದ ಕೊಳವೆಯೊಂದು ಉಳಿಯುತ್ತದೆ. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಆ ಭಾಗವೇ ಇಲ್ಲವಾಗುವುದರಿಂದ ಮೊದಲ ತಿಂಗಳುಗಳಲ್ಲಿ ಹಸಿವೂ ತಗ್ಗುತ್ತದೆ.

ಬೈಪಾಸ್ ವಿಧಾನದಲ್ಲಿ ಜಠರದ ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನು ಪ್ರತ್ಯೇಕಿಸಿ, ಅದನ್ನು ನೇರವಾಗಿ ಸಣ್ಣಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆಹಾರವು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಳಸಿಕೊಂಡು ಮುಂದೆ ಸಾಗುತ್ತದೆ. ಕಬ್ಬಿಣಾಂಶ ಮತ್ತು ಸುಣ್ಣಾಂಶ ಮುಖ್ಯವಾಗಿ ಹೀರಲ್ಪಡುವುದು ಈ ಮೊದಲ ಭಾಗದಲ್ಲಿಯೇ. ಬಿ12 ಜೀವಸತ್ವವನ್ನು ಹೀರಿಕೊಳ್ಳಲು ಜಠರದ ಸ್ರಾವಗಳು ಅಗತ್ಯ. ಆದ್ದರಿಂದ ಈ ರೋಗಿಗಳು ಸಾಕಷ್ಟು ತಿಂದರೂ ಪೋಷಕಾಂಶಗಳ ಕೊರತೆಗೆ ಒಳಗಾಗಬಹುದು. ಸ್ಲೀವ್ ಮಾಡಿಸಿಕೊಂಡವರಿಗೂ ಈ ಅಪಾಯ ಇಲ್ಲದಿಲ್ಲ, ಪ್ರಮಾಣ ತುಸು ಕಡಿಮೆಯಷ್ಟೆ.

ಮೊದಲ ಎಂಟು ವಾರಗಳು

ಶಸ್ತ್ರಕ್ರಿಯೆಯಲ್ಲಿ ಜಠರವನ್ನು ಕತ್ತರಿಸಿ ಹೊಲಿದ ಅಂಚು ಮಾಯಲು ಕಾಲಾವಕಾಶ ಬೇಕು. ಆ ಕಾರಣದಿಂದಲೇ ಆಹಾರವನ್ನು ಹಂತಹಂತವಾಗಿ ಗಟ್ಟಿಗೊಳಿಸಲಾಗುತ್ತದೆ. ದಿನಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಾಗುತ್ತದಾದರೂ ಕ್ರಮ ಬಹುತೇಕ ಒಂದೇ.

ಮೊದಲ ಒಂದೆರಡು ದಿನ: ನೀರು, ಸೋಸಿದ ಬೇಳೆಕಟ್ಟು, ಸೋಸಿದ ತರಕಾರಿ ಸೂಪು. ಇವನ್ನು ಗುಟುಕು ಗುಟುಕಾಗಿ ಮಾತ್ರ ಸೇವಿಸಬೇಕು.

ಎರಡನೆಯ ವಾರದವರೆಗೆ: ಕೆನೆ ತೆಗೆದ ಹಾಲು, ತೆಳ್ಳನೆಯ ಮಜ್ಜಿಗೆ, ಸೋಸಿದ ತೆಳು ರಾಗಿ ಗಂಜಿ, ಆಹಾರತಜ್ಞರು ಸೂಚಿಸಿದ ಪ್ರೋಟೀನ್ ಪುಡಿ ಬೆರೆಸಿದ ಪಾನೀಯ. ಸಕ್ಕರೆ, ಬೆಲ್ಲ ಸಲ್ಲದು.

ಮೂರು ಮತ್ತು ನಾಲ್ಕನೆಯ ವಾರ: ನುಣ್ಣಗೆ ಅರೆದ ಆಹಾರ. ಹೆಸರುಬೇಳೆ ತೊವ್ವೆ, ಬೇಯಿಸಿ ಮಸೆದ ಕುಂಬಳ ಅಥವಾ ಸೋರೆಕಾಯಿ, ಗಟ್ಟಿ ಮೊಸರು, ಮೆದುವಾಗಿ ಬೇಯಿಸಿ ಹಿಸುಕಿದ ಮೊಟ್ಟೆ.

ಐದರಿಂದ ಎಂಟನೆಯ ವಾರ: ಮೃದುವಾದ ಆಹಾರ. ಮೆತ್ತಗಿನ ಪನೀರ್, ಮುಳ್ಳು ತೆಗೆದ ಬೇಯಿಸಿದ ಮೀನು, ಇಡ್ಲಿಯ ಒಂದು ಭಾಗ, ಚೆನ್ನಾಗಿ ಬೆಂದ ಕಾಳು.

ಎರಡು ತಿಂಗಳ ನಂತರ ಮನೆಯವರೆಲ್ಲ ಉಣ್ಣುವ ಅಡುಗೆಯನ್ನೇ ಅಲ್ಪ ಪ್ರಮಾಣದಲ್ಲಿ ಉಣ್ಣಬಹುದು. ಹಸಿ ತರಕಾರಿ, ನೆನೆಸಿದ ಬೇಳೆಯ ಕೋಸಂಬರಿ, ಸಿಪ್ಪೆಯುಳ್ಳ ಹಣ್ಣು, ನಾರಿನಂಶ ಹೆಚ್ಚಿರುವ ಮಾಂಸ ಇವುಗಳನ್ನು ಕೊನೆಯಲ್ಲಿ, ಒಂದೊಂದಾಗಿ ಪರೀಕ್ಷಿಸಿ ಸೇರಿಸಿಕೊಳ್ಳಬೇಕು. ಹಸಿವಾಗುತ್ತಿಲ್ಲವೆಂದು ಒಂದು ಹಂತದಲ್ಲೇ ನಿಂತುಬಿಡುವುದೂ, ಚೆನ್ನಾಗಿದ್ದೇನೆಂದು ಎರಡು ಹಂತಗಳನ್ನು ಒಟ್ಟಿಗೇ ದಾಟುವುದೂ ತಪ್ಪು.

ಮುದ್ದೆ ನುಂಗುವವರಿಗೆ ಹೊಸ ಪಾಠ

ಹಳೇ ಮೈಸೂರು ಭಾಗದಲ್ಲಿ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಚಿಕ್ಕಂದಿನಿಂದ ಬಂದ ಈ ರೂಢಿಯೇ ಶಸ್ತ್ರಚಿಕಿತ್ಸೆಯ ನಂತರ ತೊಂದರೆಗೆ ದಾರಿಯಾಗುತ್ತದೆ. ಅಂಟಾದ ತುತ್ತು ಕಿರಿದಾದ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡರೆ ಎದೆ ಒತ್ತಿದಂತಾಗಿ, ಬಾಯಲ್ಲಿ ನೀರೂರಿ, ವಾಂತಿಯಾಗುತ್ತದೆ. ಮುದ್ದೆಯಾದ ಅನ್ನ, ಹಸಿ ಬ್ರೆಡ್ಡು, ಒಣಗಿದ ಕೋಳಿಮಾಂಸ, ಜೋಳದ ರೊಟ್ಟಿಯ ದೊಡ್ಡ ತುಂಡುಗಳಿಂದಲೂ ಹೀಗಾಗಬಹುದು.

ಹಾಗೆಂದು ರಾಗಿಯನ್ನು ಬಿಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ನಮ್ಮ ಧಾನ್ಯಗಳಲ್ಲಿ ಅದಕ್ಕೆ ವಿಶೇಷ ಸ್ಥಾನವಿದೆ. ಅದನ್ನು ಆರಂಭದಲ್ಲಿ ಗಂಜಿಯಾಗಿ, ನಂತರ ತೆಳು ದೋಸೆಯಾಗಿ, ತೆಳು ರೊಟ್ಟಿಯಾಗಿ ಬಳಸಬಹುದು.

ನಿಯಮ ಸರಳವಾದುದು. ತುತ್ತು ಕಡಲೆಕಾಳಿನ ಗಾತ್ರದ್ದಿರಲಿ. ಬಾಯಲ್ಲಿ ಪೂರ್ಣ ನುರಿತು ನೀರಾಗುವವರೆಗೆ ಅಗಿಯಿರಿ. ಒಂದು ತುತ್ತು ಇಳಿದ ಮೇಲೆ ಸ್ವಲ್ಪ ತಡೆದು ಇನ್ನೊಂದನ್ನು ತೆಗೆದುಕೊಳ್ಳಿ. ಪುಟ್ಟ ತಟ್ಟೆ, ಚಿಕ್ಕ ಚಮಚ ಬಳಸಿದರೆ ಅನುಕೂಲ. ಊಟಕ್ಕೆ 20ರಿಂದ 30 ನಿಮಿಷ ಹಿಡಿಯಬೇಕು. ದೂರದರ್ಶನ ನೋಡುತ್ತ, ಮೊಬೈಲ್ ಹಿಡಿದು ಉಣ್ಣುವವರಿಗೆ ಹೊಟ್ಟೆ ತುಂಬಿದ ಸೂಚನೆ ತಿಳಿಯುವುದೇ ಇಲ್ಲ. ಆ ಸೂಚನೆಯೂ ಹಿಂದಿನಂತಿರುವುದಿಲ್ಲ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಇನ್ನು ಕೆಲವರಿಗೆ ಎದೆಗುಂಡಿಗೆಯ ಕೆಳಗೆ ಬಿಗಿತ. ಅದು ಕಂಡೊಡನೆ ಕೈ ತೊಳೆಯಬೇಕು. ಎಲೆಯಲ್ಲಿ ಅನ್ನ ಬಿಡಬಾರದೆಂಬ ಸಂಸ್ಕಾರ ಒಳ್ಳೆಯದೇ, ಆದರೆ ಬಡಿಸಿಕೊಳ್ಳುವಾಗಲೇ ಕಡಿಮೆ ಬಡಿಸಿಕೊಂಡು ಅದನ್ನು ಪಾಲಿಸುವುದು ಜಾಣತನ.

ತಟ್ಟೆಯಲ್ಲಿ ಪ್ರೋಟೀನಿಗೆ ಮೊದಲ ಸ್ಥಾನ

ಒಂದು ಬಟ್ಟಲಿನಷ್ಟೇ ಜಾಗವಿರುವ ಹೊಟ್ಟೆಗೆ ಮೊದಲು ಯಾವುದನ್ನು ಕಳಿಸಬೇಕು ಎಂಬುದು ಮುಖ್ಯ ಪ್ರಶ್ನೆ. ತೂಕ ವೇಗವಾಗಿ ಇಳಿಯುವಾಗ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ಅದನ್ನು ತಡೆಯಲು ದಿನಕ್ಕೆ ಕನಿಷ್ಠ 60 ಗ್ರಾಂ, ಸಾಮಾನ್ಯವಾಗಿ 60ರಿಂದ 80 ಗ್ರಾಂ ಪ್ರೋಟೀನ್ ಅಗತ್ಯವೆನ್ನುತ್ತಾರೆ ತಜ್ಞರು.

ನಮ್ಮ ಸಾಮಾನ್ಯ ಊಟದಲ್ಲಿ ಅನ್ನವೇ ಪ್ರಧಾನ. ಸಾರು ಅದನ್ನು ಕಲಸುವುದಕ್ಕೆ, ಪಲ್ಯ ನಂಜಿಕೊಳ್ಳುವುದಕ್ಕೆ. ಶಸ್ತ್ರಚಿಕಿತ್ಸೆಯ ನಂತರ ಈ ಕ್ರಮ ತಿರುವುಮುರುವಾಗಬೇಕು. ಮೊದಲು ಬೇಳೆ, ಕಾಳು, ಮೊಟ್ಟೆ, ಪನೀರ್, ಮೀನು ಅಥವಾ ಕೋಳಿ. ಅನಂತರ ತರಕಾರಿ. ಜಾಗ ಉಳಿದರೆ ಕೊನೆಗೆ ಎರಡು ಚಮಚ ಅನ್ನ ಅಥವಾ ಕಾಲು ರೊಟ್ಟಿ.

ಲೆಕ್ಕ ಹಾಕಲು ಕೆಲವು ಅಂದಾಜುಗಳು ನೆನಪಿನಲ್ಲಿರಲಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ 6ರಿಂದ 7 ಗ್ರಾಂ. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ. ಬೇಯಿಸಿದ ಮೀನು 100 ಗ್ರಾಂ ತಿಂದರೆ 20 ಗ್ರಾಂ ಆಸುಪಾಸು. ಒಣ ಹುರುಳಿ, ಹುರಿಗಡಲೆಗಳಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ, ಒಣ ಸೋಯಾ ತುಂಡುಗಳಲ್ಲಿ ಸುಮಾರು 50 ಗ್ರಾಂ. ತಿಳಿಸಾರು ಎಷ್ಟು ರುಚಿಯಾಗಿದ್ದರೂ ಅದರಲ್ಲಿ ಪ್ರೋಟೀನ್ ಹೆಸರಿಗಷ್ಟೆ. ಬೇಳೆ ತಳದಲ್ಲಿಯೇ ಉಳಿದಿರುತ್ತದೆ.

ಶುದ್ಧ ಸಸ್ಯಾಹಾರಿಗಳು ಈ ಗುರಿಯನ್ನು ಮುಟ್ಟುವುದು ಕಷ್ಟ, ಆದರೆ ಅಸಾಧ್ಯವಲ್ಲ. ಬೆಳಿಗ್ಗೆ ಹೆಸರುಕಾಳಿನ ದೋಸೆ, ಮಧ್ಯಾಹ್ನ ಗಟ್ಟಿ ತೊವ್ವೆ ಮತ್ತು ಮೊಸರು, ಸಂಜೆ ಹುರಿಗಡಲೆ ಪುಡಿ ಕಲಸಿದ ಮಜ್ಜಿಗೆ, ರಾತ್ರಿ ಪನೀರ್ ಅಥವಾ ಸೋಯಾ ಪಲ್ಯ ಇದ್ದರೂ ಮೊದಲ ವರ್ಷ ಪ್ರೋಟೀನ್ ಪುಡಿಯ ನೆರವು ಬೇಕಾಗಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ಗೊತ್ತುಪಡಿಸಿಕೊಳ್ಳತಕ್ಕದ್ದು.

ಮೂರರಿಂದ ಆರು ತಿಂಗಳ ಅವಧಿಯಲ್ಲಿ ತಲೆಗೂದಲು ಉದುರುವುದು ಬಹಳ ಮಂದಿಯನ್ನು, ವಿಶೇಷವಾಗಿ ಮಹಿಳೆಯರನ್ನು ಕಂಗೆಡಿಸುತ್ತದೆ. ವೇಗವಾಗಿ ತೂಕ ಇಳಿಯುವಾಗ ಹೀಗಾಗುವುದು ಸಾಮಾನ್ಯ. ಪ್ರೋಟೀನ್, ಕಬ್ಬಿಣ, ಸತುವಿನ ಅಂಶಗಳು ಸರಿಯಾಗಿದ್ದರೆ ಕೂದಲು ಬಹುಪಾಲು ಮತ್ತೆ ಬೆಳೆಯುತ್ತದೆ.

ನೀರು, ಕಾಫಿ, ಮದ್ಯ

ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ನೀರು ಬೇಕು. ಆದರೆ ಒಂದು ಚೊಂಬು ನೀರನ್ನು ಎತ್ತಿ ಗಟಗಟನೆ ಕುಡಿಯುವ ಕಾಲ ಮುಗಿಯಿತು. ಬಾಟಲಿಯನ್ನು ಜೊತೆಯಲ್ಲಿಟ್ಟುಕೊಂಡು ದಿನವಿಡೀ ಗುಟುಕರಿಸುತ್ತಿರಬೇಕು. ಊಟದ ಜೊತೆ ನೀರು ಬೇಡ. ಊಟವಾದ 30 ನಿಮಿಷಗಳ ನಂತರ ಕುಡಿಯುವುದು ಸೂಕ್ತ. ಊಟದೊಂದಿಗೆ ನೀರು ಸೇರಿದರೆ ಕಿರಿದಾದ ಹೊಟ್ಟೆ ಉಬ್ಬಿ ವಾಂತಿಯಾಗಬಹುದು. ಮೂತ್ರ ಗಾಢ ಹಳದಿಯಾದರೆ, ಎದ್ದು ನಿಂತಾಗ ತಲೆಸುತ್ತು ಬಂದರೆ ನೀರು ಸಾಲುತ್ತಿಲ್ಲವೆಂದು ತಿಳಿಯಬೇಕು.

ಸೋಡಾ ಹಾಗೂ ಅನಿಲ ತುಂಬಿದ ತಂಪು ಪಾನೀಯ, ಕಬ್ಬಿನಹಾಲು, ಸಕ್ಕರೆ ಬೆರೆತ ಹಣ್ಣಿನ ರಸಗಳನ್ನು ದೂರವಿಡುವುದು ಕ್ಷೇಮ. ಕಾಫಿ, ಟೀಗಳನ್ನು ಮೊದಲ ತಿಂಗಳು ಬಿಟ್ಟು ನಂತರ ಸಕ್ಕರೆಯಿಲ್ಲದೆ ಮಿತವಾಗಿ ಆರಂಭಿಸಬಹುದು. ಕಬ್ಬಿಣದ ಮಾತ್ರೆಯೊಡನೆ ಮಾತ್ರ ಅವು ಬೇಡ, ಕಬ್ಬಿಣಾಂಶ ಹೀರಲ್ಪಡುವುದನ್ನು ಅವು ತಡೆಯುತ್ತವೆ.

ಮದ್ಯದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬದಲಾದ ಹೊಟ್ಟೆಯಿಂದ ಮದ್ಯ ಬೇಗನೆ ರಕ್ತ ಸೇರುತ್ತದೆ, ಅಲ್ಪ ಪ್ರಮಾಣದಲ್ಲೇ ಅಮಲು ಏರುತ್ತದೆ. ಊಟದಿಂದ ಸಿಗುತ್ತಿದ್ದ ಸಮಾಧಾನವನ್ನು ಮದ್ಯದಲ್ಲಿ ಅರಸಲು ಹೋಗಿ ಚಟಕ್ಕೆ ಬಿದ್ದವರಿದ್ದಾರೆ. ಧೂಮಪಾನವಂತೂ ಕೂಡದು. ಬೈಪಾಸ್ ಆದವರಲ್ಲಿ ಅದು ಜೋಡಣೆಯ ಜಾಗದಲ್ಲಿ ಹುಣ್ಣಿಗೆ ಕಾರಣವಾಗುತ್ತದೆ. ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂತಹ ನೋವಿನ ಮಾತ್ರೆಗಳಿಂದಲೂ ಇದೇ ಅಪಾಯ. ಮಂಡಿ ನೋವಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ತರುವ ಅಭ್ಯಾಸವನ್ನು ಬಿಡಬೇಕು.

ಸಿಹಿ ತಿಂದರೆ ಬೆವರುವುದೇಕೆ?

ಬೈಪಾಸ್ ಆದವರು ಜಹಾಂಗೀರ್, ಹೋಳಿಗೆ, ಪಾಯಸ ಮುಂತಾದುವನ್ನು ತಿಂದ ಅರ್ಧ ಗಂಟೆಯೊಳಗೆ ಎದೆಬಡಿತ ಏರಿ, ಬೆವರಿ, ಹೊಟ್ಟೆ ಹಿಂಡಿ, ಭೇದಿಯಾಗಬಹುದು. ಸಕ್ಕರೆಯ ಸಾಂದ್ರ ಆಹಾರ ಒಮ್ಮೆಲೇ ಕರುಳಿಗೆ ಸುರಿಯುವುದರಿಂದ ಆಗುವ ಈ ಪರಿಣಾಮಕ್ಕೆ ಡಂಪಿಂಗ್ ಎಂದು ಹೆಸರು. ಇನ್ನೊಂದು ಬಗೆಯಲ್ಲಿ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ತೀರಾ ಕುಸಿದು ನಡುಕ, ತಲೆಸುತ್ತು ಬರುತ್ತದೆ. ಆಗ ಮತ್ತೆ ಸಿಹಿ ತಿಂದು ಸುಧಾರಿಸಿಕೊಳ್ಳುವುದನ್ನೇ ರೂಢಿ ಮಾಡಿಕೊಂಡರೆ ಅದೊಂದು ವಿಷವರ್ತುಲ. ಸಿಹಿ ತಗ್ಗಿಸಿ, ಪ್ರೋಟೀನ್ ಹೆಚ್ಚಿಸಿ, ಅಲ್ಪ ಪ್ರಮಾಣದಲ್ಲಿ ಹಲವು ಬಾರಿ ಉಣ್ಣುವುದೇ ಮೊದಲ ಪರಿಹಾರ. ಪದೇ ಪದೇ ಹೀಗಾದರೆ ವೈದ್ಯರಿಗೆ ತಿಳಿಸಬೇಕು.

ಮಧುಮೇಹಿಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಸ್ತ್ರಕ್ರಿಯೆಯಾದ ಕೆಲವೇ ದಿನಗಳಲ್ಲಿ ಸಕ್ಕರೆಯ ಮಟ್ಟ ಇಳಿಯತೊಡಗುತ್ತದೆ. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್ ಅಥವಾ ಮಾತ್ರೆಯನ್ನು ಮುಂದುವರಿಸಿದರೆ ಅಪಾಯ. ರಕ್ತದೊತ್ತಡದ ಮಾತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ಪ್ರಮಾಣವನ್ನು ತಗ್ಗಿಸುವುದು ವೈದ್ಯರ ಕೆಲಸ, ತಾವಾಗಿಯೇ ನಿಲ್ಲಿಸುವಂತಿಲ್ಲ.

ಜೀವಸತ್ವದ ಮಾತ್ರೆ: ನಿಲ್ಲಿಸುವ ದಿನವಿಲ್ಲ

ತೂಕ ಇಳಿದು, ಮಂಡಿ ನೋವು ಮಾಯವಾಗಿ, ಹಳೆಯ ಬಟ್ಟೆಗಳು ಸಡಿಲವಾದಾಗ ತಾನು ಪೂರ್ಣ ಗುಣವಾದೆನೆಂಬ ಭಾವನೆ ಬರುವುದು ಸಹಜ. ಬಹಳ ಮಂದಿ ಮಾತ್ರೆಗಳನ್ನೂ ತಪಾಸಣೆಯನ್ನೂ ಕೈಬಿಡುವುದು ಈ ಹೊತ್ತಿನಲ್ಲಿಯೇ. ಬಿ12 ಜೀವಸತ್ವದ ದಾಸ್ತಾನು ದೇಹದಲ್ಲಿ ಕೆಲಕಾಲ ಉಳಿದಿರುವುದರಿಂದ ಕೊರತೆ ಕೂಡಲೇ ಕಾಣಿಸದು. ಕೈಕಾಲು ಜೋಮು, ಮರೆವು, ರಕ್ತಹೀನತೆ ಕಾಣಿಸಿಕೊಳ್ಳುವ ವೇಳೆಗೆ ನರಗಳಿಗೆ ಹಾನಿಯಾಗಿರಬಹುದು.

ಅಮೆರಿಕದ ಬೇರಿಯಾಟ್ರಿಕ್ ತಜ್ಞರ ಸಂಘದ 2016ರ ಮಾರ್ಗಸೂಚಿಯಂತೆ ಸ್ಲೀವ್ ಮತ್ತು ಬೈಪಾಸ್ ಆದವರಿಗೆ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಸುಣ್ಣಾಂಶ (ಆಹಾರದಿಂದ ದೊರೆಯುವುದೂ ಸೇರಿ), 3000 ಯೂನಿಟ್ ಡಿ ಜೀವಸತ್ವ, ಕನಿಷ್ಠ 12 ಮಿಲಿಗ್ರಾಂ ಥಯಮಿನ್, ಅಂದರೆ ಬಿ1 ಬೇಕು. ಮುಟ್ಟಾಗುವ ಮಹಿಳೆಯರಿಗೆ 45ರಿಂದ 60 ಮಿಲಿಗ್ರಾಂ ಕಬ್ಬಿಣ ಅಗತ್ಯ. ಬಿ12 ಅನ್ನು ನಿತ್ಯ ಮಾತ್ರೆಯಾಗಿ ಅಥವಾ ತಿಂಗಳಿಗೊಮ್ಮೆ 1000 ಮೈಕ್ರೊಗ್ರಾಂ ಚುಚ್ಚುಮದ್ದಾಗಿ ಪಡೆಯಬಹುದು. ಮೊಟ್ಟೆ, ಮಾಂಸ ತಿನ್ನದವರಲ್ಲಿ ಬಿ12 ಕೊರತೆ ಮೊದಲೇ ಇರುವ ಸಂಭವ ಹೆಚ್ಚು. ಯಾರಿಗೆ ಎಷ್ಟು ಎಂಬುದನ್ನು ರಕ್ತಪರೀಕ್ಷೆ ನೋಡಿ ವೈದ್ಯರು ನಿಗದಿಪಡಿಸುತ್ತಾರೆ.

ಸುಣ್ಣದ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಕನಿಷ್ಠ ಎರಡು ಗಂಟೆಗಳ ಅಂತರವಿರಲಿ, ಒಂದು ಇನ್ನೊಂದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ ಮಾತ್ರೆ ಜಠರದ ಆಮ್ಲ ಕಡಿಮೆಯಿದ್ದರೂ ಹೀರಲ್ಪಡುವುದರಿಂದ ಅದನ್ನೇ ಹೆಚ್ಚಾಗಿ ಸೂಚಿಸುತ್ತಾರೆ.

ಇವೆಲ್ಲಕ್ಕಿಂತ ತುರ್ತಾದುದು ಥಯಮಿನ್. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಗಳಿಗೆ ಮಾತ್ರ ಸಾಕಾಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಎಡೆಬಿಡದೆ ವಾಂತಿಯಾದವರಲ್ಲಿ ಅದು ಬರಿದಾಗಿ, ಕಣ್ಣು ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಕಾಣಿಸಿಕೊಳ್ಳಬಹುದು. ತಡವಾದರೆ ಮೆದುಳಿಗೆ ಶಾಶ್ವತ ಹಾನಿ. ವಾಂತಿಯಿಂದ ಸುಸ್ತಾದ ರೋಗಿಯನ್ನು ಊರಿನ ಚಿಕಿತ್ಸಾಲಯಕ್ಕೆ ಕರೆದೊಯ್ದಾಗ ಥಯಮಿನ್ ಕೊಡದೆ ಗ್ಲೂಕೋಸ್ ಡ್ರಿಪ್ ಮಾತ್ರ ಹಾಕಿದರೆ ಸ್ಥಿತಿ ಇನ್ನಷ್ಟು ಬಿಗಡಾಯಿಸಬಲ್ಲದು. ಆದ್ದರಿಂದ ಯಾವ ಶಸ್ತ್ರಚಿಕಿತ್ಸೆ, ಯಾವ ದಿನ, ಯಾವ ಆಸ್ಪತ್ರೆ ಎಂಬ ವಿವರ ಬರೆದ ಚೀಟಿ ಸದಾ ಪರ್ಸಿನಲ್ಲಿರಬೇಕು. ಚಿಕಿತ್ಸೆ ಮಾಡಿಸಿಕೊಂಡದ್ದನ್ನು ನೆಂಟರಿಂದ ಮುಚ್ಚಿಟ್ಟರೂ ವೈದ್ಯರಿಂದ ಮುಚ್ಚಿಡಬಾರದು.

ವ್ಯಾಯಾಮ: ನಡಿಗೆಯಿಂದ ಆರಂಭ

ಶಸ್ತ್ರಕ್ರಿಯೆಯ ದಿನವೇ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂಬುದು ಇದರ ಉದ್ದೇಶ. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ನಾಲ್ಕು ಬಾರಿ ಐದರಿಂದ ಹತ್ತು ನಿಮಿಷ ಸಮತಟ್ಟಾದ ಜಾಗದಲ್ಲಿ ನಡೆದು, ವಾರದಿಂದ ವಾರಕ್ಕೆ ಹೆಚ್ಚಿಸಬೇಕು. ಮೊದಲ ನಾಲ್ಕರಿಂದ ಆರು ವಾರ ನೀರು ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಅಕ್ಕಿಮೂಟೆ ಎತ್ತುವುದು, ಹೊಟ್ಟೆಯ ಸ್ನಾಯುಗಳಿಗೆ ಒತ್ತಡ ಬೀಳುವ ವ್ಯಾಯಾಮ ಮಾಡುವುದು ಸಲ್ಲದು. ಹೊಲ ತೋಟದ ಕೆಲಸಕ್ಕೆ ಮರಳುವವರು ವೈದ್ಯರನ್ನು ಕೇಳಿಯೇ ಮರಳಬೇಕು.

ಗಾಯ ಮಾಯ್ದ ಮೇಲೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆ, ಸೈಕಲ್ ತುಳಿತ ಅಥವಾ ಈಜು ರೂಢಿಯಾಗಬೇಕು. ಮಾತನಾಡಲು ಸಾಧ್ಯ, ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ವೇಗವಿದ್ದರೆ ಸಾಕು. ಕ್ರಮೇಣ ಇದನ್ನು 300 ನಿಮಿಷಗಳವರೆಗೆ ಏರಿಸಿದರೆ ತೂಕ ಮರಳದಂತೆ ತಡೆಯಲು ನೆರವಾಗುತ್ತದೆ. ಮಂಡಿ ಸವೆದವರಿಗೆ ಈಜು ಮತ್ತು ನಿಂತ ಸೈಕಲ್ ಹಿತಕರ.

ನಡಿಗೆಯೊಂದೇ ಸಾಲದೆಂಬುದನ್ನು ನಮ್ಮಲ್ಲಿ ಅನೇಕರು ಗಮನಿಸುವುದಿಲ್ಲ. ತೂಕ ಇಳಿದಂತೆ ಮೂಳೆಯ ಸಾಂದ್ರತೆಯೂ ಸ್ನಾಯುಗಳ ಬಲವೂ ಕುಗ್ಗುತ್ತವೆ. ಇದನ್ನು ತಡೆಯಲು ವಾರಕ್ಕೆ ಎರಡು ಮೂರು ದಿನ ಸ್ನಾಯುಬಲದ ವ್ಯಾಯಾಮ ಬೇಕು. ದುಬಾರಿ ಜಿಮ್ ಅನಿವಾರ್ಯವಲ್ಲ. ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಅರ್ಧ ಲೀಟರ್ ನೀರಿನ ಬಾಟಲಿಗಳನ್ನು ಎತ್ತಿಳಿಸುವುದು ಒಳ್ಳೆಯ ಆರಂಭ. ಯೋಗಾಸನಗಳನ್ನು ಎರಡು ತಿಂಗಳ ನಂತರ ವೈದ್ಯರ ಒಪ್ಪಿಗೆ ಪಡೆದು ನಿಧಾನವಾಗಿ ಸೇರಿಸಬಹುದು. ಹೊಟ್ಟೆಯನ್ನು ರಭಸದಿಂದ ಒತ್ತುವ ಕಪಾಲಭಾತಿಯಂತಹವುಗಳಿಗೆ ಆತುರ ಬೇಡ.

ತೂಕ ಮತ್ತೆ ಏರುವುದೇಕೆ?

ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ಬೊಜ್ಜಿನ ಅಧ್ಯಯನ ಈ ವಿಷಯದಲ್ಲಿ ಬಹಳ ಬೆಳಕು ಚೆಲ್ಲಿದೆ. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡ ಈ ಅಧ್ಯಯನದ 2007ರ ವರದಿಯಂತೆ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷಗಳಲ್ಲಿ ದೇಹತೂಕದ ಶೇ. 32ರಷ್ಟನ್ನು ಇಳಿಸಿಕೊಂಡಿದ್ದರು. ಹತ್ತು ವರ್ಷಗಳ ನಂತರ ಆ ಇಳಿಕೆ ಶೇ. 25ರಷ್ಟಿತ್ತು. ಸ್ವಲ್ಪ ತೂಕ ಮರಳುವುದು ಸಹಜವೆಂಬುದೂ, ಬಹುಪಾಲು ಲಾಭವನ್ನು ಉಳಿಸಿಕೊಳ್ಳಬಹುದೆಂಬುದೂ ಇದರಿಂದ ಸ್ಪಷ್ಟ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವಿನ ಪ್ರಮಾಣ ಕಡಿಮೆಯಾದುದನ್ನೂ ಅದೇ ವರದಿ ತಿಳಿಸಿತು.

ಹೆಚ್ಚು ತೂಕ ಮರಳುವವರಲ್ಲಿ ಕಾಣುವ ಸಾಮಾನ್ಯ ಕಾರಣ ದಿನವಿಡೀ ಬಾಯಾಡಿಸುವುದು. ದೊಡ್ಡ ಊಟ ಕಿರಿದಾದ ಹೊಟ್ಟೆಯಲ್ಲಿ ಹಿಡಿಸದು. ಆದರೆ ಚಕ್ಕುಲಿ, ನಿಪ್ಪಟ್ಟು, ಮಿಕ್ಸ್‌ಚರ್, ಬಿಸ್ಕತ್ತು ಬಾಯಲ್ಲೇ ಪುಡಿಯಾಗಿ ಸುಲಭವಾಗಿ ಇಳಿಯುತ್ತವೆ. ಐಸ್‌ಕ್ರೀಮು ಕರಗಿಯೇ ಹೋಗುತ್ತದೆ. ಇವುಗಳಿಗೆ ಹೊಟ್ಟೆಯ ಗಾತ್ರ ಅಡ್ಡಿಯಾಗದು. ಡಬ್ಬಿಯನ್ನು ಕಣ್ಣೆದುರಿಂದ ತೆಗೆಯುವುದು, ಊಟದ ವೇಳೆಗಳನ್ನು ನಿಗದಿಪಡಿಸುವುದು, ವಾರಕ್ಕೊಮ್ಮೆ ತೂಕ ಬರೆದಿಡುವುದು ಪರಿಣಾಮಕಾರಿ ಕ್ರಮಗಳು. ಬೇಸರ, ಒಂಟಿತನ, ಕೋಪಗಳಿಂದ ತಿನ್ನುವ ಅಭ್ಯಾಸವಿದ್ದವರು ಆಪ್ತಸಲಹೆಗಾರರ ನೆರವು ಪಡೆಯುವುದರಲ್ಲಿ ಸಂಕೋಚವೇನಿಲ್ಲ. ತಿರ್ಜೆಪಟೈಡ್, ಸೆಮಾಗ್ಲುಟೈಡ್‌ನಂತಹ ತೂಕ ಇಳಿಸುವ ಚುಚ್ಚುಮದ್ದುಗಳು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಅವುಗಳನ್ನು ಬಳಸಬೇಕೇ ಎಂಬುದನ್ನು ತಜ್ಞವೈದ್ಯರೇ ನಿರ್ಧರಿಸಬೇಕು.

ಹಬ್ಬ, ಉಪವಾಸ ಮತ್ತು ಮನೆಯವರು

"ಒಂದೇ ಒಂದು ಹೋಳಿಗೆ, ಬೇಡ ಅನ್ನಬೇಡಿ" ಎಂಬ ಉಪಚಾರ ನಮ್ಮ ಮದುವೆಮನೆಗಳ ಸೌಜನ್ಯ. ಬೇಡವೆಂದರೆ ಮುನಿಸಿಕೊಳ್ಳುವವರೂ ಉಂಟು. ಈ ರೋಗಿಗಳಿಗೆ ಒತ್ತಾಯದ ತುತ್ತು ವಾಂತಿಗೆ ಕಾರಣವಾಗಬಲ್ಲದೆಂಬುದನ್ನು ಮನೆಯವರು ಅರಿತು, ಅವರ ಪರವಾಗಿ ತಾವೇ ಮಾತನಾಡಬೇಕು. ಅಡುಗೆ ಮಾಡುವವರೇ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಅವಸರದಲ್ಲಿ ಉಣ್ಣುವ ಪದ್ಧತಿ ನಿಲ್ಲಬೇಕು. ಅವರ ಪಾಲಿನ ಬೇಳೆ, ಪನೀರು ಮೊದಲೇ ತೆಗೆದಿರಿಸಿದ್ದಾಗಿರಲಿ.

ನೀರನ್ನೂ ಬಿಡುವ ನಿರ್ಜಲ ಏಕಾದಶಿ, ರಂಜಾನ್ ಉಪವಾಸಗಳನ್ನು ಮೊದಲ ವರ್ಷದಲ್ಲಿ ಆಚರಿಸುವ ಮುನ್ನ ವೈದ್ಯರೊಡನೆ ಚರ್ಚಿಸುವುದು ಅಗತ್ಯ. ಇವರ ದೇಹ ಬೇಗನೆ ನಿರ್ಜಲೀಕರಣಕ್ಕೆ ಒಳಗಾಗುತ್ತದೆ.

ಮಕ್ಕಳಾಗುವ ವಯಸ್ಸಿನ ಮಹಿಳೆಯರು 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ತಜ್ಞರ ಸಲಹೆ. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಲ್ಪಡದಿರಬಹುದಾದ್ದರಿಂದ ಬೇರೆ ವಿಧಾನಗಳ ಬಗ್ಗೆ ಸ್ತ್ರೀರೋಗತಜ್ಞರನ್ನು ಕೇಳಬೇಕು.

ತಪಾಸಣೆ ಮತ್ತು ಅಪಾಯದ ಲಕ್ಷಣಗಳು

ಮೊದಲ ವರ್ಷ ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಲ್ಲಿ, ಅನಂತರ ವರ್ಷಕ್ಕೊಮ್ಮೆ ಜೀವನಪರ್ಯಂತ ತಪಾಸಣೆ ಬೇಕು. ಹಿಮೊಗ್ಲೋಬಿನ್, ಕಬ್ಬಿಣದ ದಾಸ್ತಾನು, ಬಿ12, ಡಿ ಜೀವಸತ್ವ, ಸುಣ್ಣಾಂಶ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆಗಳು ಇದರಲ್ಲಿ ಸೇರಿವೆ.

ಕೆಳಗಿನ ಲಕ್ಷಣಗಳು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು:

- ಮೊದಲ ವಾರಗಳಲ್ಲಿ ಜ್ವರ, ತೀವ್ರ ಹೊಟ್ಟೆನೋವು, ವಿಶ್ರಾಂತಿಯಲ್ಲಿದ್ದರೂ ನಾಡಿಬಡಿತ ನಿಮಿಷಕ್ಕೆ 120 ಮೀರುವುದು
- ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಏಕಾಏಕಿ ಏದುಸಿರು
- ನೀರೂ ನಿಲ್ಲದಂತೆ ವಾಂತಿ
- ಕಪ್ಪು ಮಲ ಅಥವಾ ರಕ್ತವಾಂತಿ
- ಬಲ ಪಕ್ಕೆಲುಬಿನ ಕೆಳಗೆ ನೋವು, ಇದು ಪಿತ್ತಕೋಶದ ಕಲ್ಲಿನ ಸೂಚನೆಯಿರಬಹುದು
- ಪಾದಗಳ ಜೋಮು, ತೂರಾಟ, ಎರಡೆರಡು ಕಾಣುವುದು, ಗಲಿಬಿಲಿ

ಶಸ್ತ್ರವೈದ್ಯರ ಕೆಲಸ ಒಂದು ದಿನದ್ದು, ರೋಗಿಯ ಕೆಲಸ ಪ್ರತಿದಿನದ್ದು. ಸಣ್ಣ ತುತ್ತು, ಪ್ರೋಟೀನಿಗೆ ಆದ್ಯತೆ, ಊಟದಿಂದ ದೂರವಿಟ್ಟ ನೀರು, ನಿತ್ಯದ ನಡಿಗೆ, ತಪ್ಪದ ಮಾತ್ರೆ, ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಇವಿಷ್ಟನ್ನು ಪಾಲಿಸಿದರೆ ಈ ಚಿಕಿತ್ಸೆಯ ಫಲ ದೀರ್ಘಕಾಲ ಉಳಿಯುವುದರಲ್ಲಿ ಸಂದೇಹವಿಲ್ಲ. ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡುತ್ತಿರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ಈ ಪಥ್ಯವನ್ನು ಜೀವನಪೂರ್ತಿ ನಡೆಸಲು ತಾವೂ ತಮ್ಮ ಮನೆಯವರೂ ಸಿದ್ಧರೇ?

(ಇದು ಸಾಮಾನ್ಯ ತಿಳಿವಳಿಕೆಗಾಗಿ ನೀಡಿದ ಮಾಹಿತಿ. ಔಷಧ ಮತ್ತು ಆಹಾರದ ಪ್ರಮಾಣವನ್ನು ತಮ್ಮ ವೈದ್ಯರು ಹಾಗೂ ಆಹಾರತಜ್ಞರ ಸಲಹೆಯಂತೆಯೇ ಅನುಸರಿಸತಕ್ಕದ್ದು.)